ನ್ಯೂಟ್ರಲ್ ಇಲ್ಲದ ಬೋರ್ಡು

ಶಿರಾ ಗೇಟಿನ ನಮ್ಮ ಹಳೆಯ ಮನೆಗೆ ಸ್ಮಾರ್ಟ್ ಸ್ವಿಚ್ ಕೂರಿಸಲು ಬಂದ ಎಲೆಕ್ಟ್ರಿಷಿಯನ್, ಮೇನ್ ಆಫ್ ಮಾಡಿ ಹಾಲಿನ ಬೋರ್ಡು ಬಿಚ್ಚಿದವರೇ, “ನ್ಯೂಟ್ರಲ್ಲೇ ಇಲ್ವಲ್ಲ ಸಾರ್” ಎಂದರು.

ಸಾಧಾರಣ ಸ್ವಿಚ್ಚಿಗೆ ವಿದ್ಯುತ್ ತರುವ ಫೇಸ್ ತಂತಿಯೊಂದು ಬಂದು ಹೋದರೆ ಸಾಕು. ದೀಪ ಆರಿದ್ದಾಗಲೂ ವೈಫೈಗೆ ಕಿವಿಗೊಟ್ಟು ಎಚ್ಚರವಾಗಿರಬೇಕಾದ ಸ್ವಿಚ್ಚಿಗೆ, ವಿದ್ಯುತ್ ಮರಳಿ ಹೋಗುವ ದಾರಿಯಾದ ನ್ಯೂಟ್ರಲ್ ತಂತಿಯೂ ಬೇಕು. ಅದಿಲ್ಲದೆ ನಡೆಯುವ ಮಾದರಿಗಳೂ ಇವೆಯಾದರೂ, ಅವು ದೀಪದ ಮೂಲಕವೇ ಚೂರು ವಿದ್ಯುತ್ ಹರಿಸಿಕೊಳ್ಳುವುದರಿಂದ, ಕಡಿಮೆ ವಾಟಿನ ಎಲ್‌ಇಡಿ ಬಲ್ಬು ಆರಿಸಿದ ಮೇಲೂ ಮಿಣುಕುವುದುಂಟು.

ಪ್ಲಗ್ ಪಾಯಿಂಟಿದ್ದ ಪಕ್ಕದ ಬೋರ್ಡಿನಲ್ಲಿ ನ್ಯೂಟ್ರಲ್ಲಿನ ಕಪ್ಪು ತಂತಿ ಸಿಕ್ಕಿತು. ಅದು ಅದೇ ಸರ್ಕ್ಯೂಟಿನದೆಂದು ಖಚಿತಪಡಿಸಿಕೊಂಡೇ ಅವರು ಅಲ್ಲಿಂದ ಎಳೆದರು. ಹಸಿರು ಅರ್ತ್ ತಂತಿಯನ್ನೇ ನ್ಯೂಟ್ರಲ್ ಮಾಡಿಬಿಡುವ ಅಪಾಯದ ಜಾಣತನ ತೋರಲಿಲ್ಲವೆಂಬುದಕ್ಕೇ ನನಗೆ ಅವರ ಮೇಲೆ ಗೌರವ.

ಫ್ಯಾನಿಗೆ ಮಾತ್ರ ಹಳೆಯ ರೆಗ್ಯುಲೇಟರೇ ಇರಲಿ ಎಂದು ಅಮ್ಮ ಅಪ್ಪಣೆ ಕೊಡಿಸಿದ್ದಾರೆ.