ವಿಡಿಯೋ ಇರಲ್ಲ ಮಾಮ, ವ್ಯೂಸ್ ಇರ್ತಾವೆ

"ಯಾವ ವಿಡಿಯೋ ಮಾಡ್ದೆ? ತೋರ್ಸು ನೋಡಣ" ಅಂದೆ. ಅಕ್ಕನ ಮಗ ಫೋನಿಂದ ತಲೆ ಎತ್ತಲೇ ಇಲ್ಲ.

"ವಿಡಿಯೋ ಇರಲ್ಲ ಮಾಮ. ವ್ಯೂಸ್ ಇರ್ತಾವೆ."

"ಮತ್ತೆ ನೋಡೋರು ಯಾರು?"

"ಯಾರೂ ಇಲ್ಲ. ಬರ್ತಾವೆ ಅಷ್ಟೆ."

ಕಳೆದ ಭಾನುವಾರ ದಾವಣಗೆರೆಯಲ್ಲಿ ಅಕ್ಕನ ಮನೆಗೆ ಹೋದಾಗ ಆದ ಮಾತಿದು. ಹುಡುಗ ಏಳನೇ ಕ್ಲಾಸು. ಮಾತು ಕಮ್ಮಿ, ಆಡಿದರೆ ವಕೀಲರ ಥರ. ಅವನು ಹೇಳಿದ್ದು ಆಟದ ವಿಷಯ ಅಂತ ಗೊತ್ತು. ಆದರೂ ವಾರ ಕಳೆದರೂ ಆ ಮಾತು ತಲೆಯಿಂದ ಹೋಗ್ತಿಲ್ಲ.

ಆಟದ ಹೆಸರು 'ಟ್ಯೂಬರ್ ಸಿಮ್ಯುಲೇಟರ್'. ಸ್ವೀಡನ್ನಿನ ಯೂಟ್ಯೂಬರ್ ಪ್ಯೂಡಿಪೈ ಹೆಸರಿನಲ್ಲಿ ಕೆನಡಾದ ಔಟರ್‌ಮೈಂಡ್ಸ್ ಅನ್ನೋ ಕಂಪನಿ 2016ರಲ್ಲಿ ತಂದದ್ದು. ಹಳೇ ವಿಡಿಯೋ ಗೇಮ್‌ಗಳ ಥರ ಚೌಕಚೌಕದ ಚಿತ್ರ. ಒಂದು ಪುಟ್ಟ ರೂಮು, ಅದರಲ್ಲಿ ನೀವು. ಒಂದು ವಿಷಯ ಆರಿಸಿ ಒತ್ತಿದರೆ ವಿಡಿಯೋ ತಯಾರಾಗೋಕೆ ಶುರು. ಟೈಮರ್ ಓಡುತ್ತೆ. ಮುಗಿದ ಮೇಲೆ ಬೆರಳಿಟ್ಟರೆ ವ್ಯೂಸ್ ಬಂದು ಬೀಳುತ್ತವೆ. ಆ ವ್ಯೂಸೇ ಅಲ್ಲಿ ದುಡ್ಡು. ಅದನ್ನು ಕೊಟ್ಟು ಕುರ್ಚಿ, ಟೇಬಲ್ಲು, ಕಂಪ್ಯೂಟರ್ ತಗೋಬೇಕು. ತಗೊಂಡಷ್ಟೂ ಚಾನೆಲ್ ಮೇಲೆ ಹೋಗುತ್ತೆ. ಕಾಯೋಕಾಗದವರಿಗೆ 'ಬಕ್ಸ್' ಅಂತ ಇನ್ನೊಂದು ನಾಣ್ಯ ಇದೆ. ಅದನ್ನು ಬೇಕಿದ್ದರೆ ನಿಜವಾದ ದುಡ್ಡು ಕೊಟ್ಟೂ ಕೊಳ್ಳಬಹುದು.

ಪ್ಯೂಡಿಪೈ ಯಾರು ಅಂತ ಈ ಹುಡುಗನಿಗೆ ಗೊತ್ತಿಲ್ಲ. 2018-19ರಲ್ಲಿ ಅವನಿಗೂ ನಮ್ಮ ಟಿ-ಸೀರೀಸ್‌ಗೂ ಯಾರಿಗೆ ಸಬ್‌ಸ್ಕ್ರೈಬರ್ಸ್ ಜಾಸ್ತಿ ಅಂತ ಜಟಾಪಟಿ ನಡೆದಾಗ ಇವನಿನ್ನೂ ಚಿಕ್ಕವನು. ಭಾವ ಆಗ ಬರೀ ದೇಶಭಕ್ತಿಯಿಂದ ಟಿ-ಸೀರೀಸ್‌ಗೆ ಸಬ್‌ಸ್ಕ್ರೈಬ್ ಆಗಿದ್ದರು. ಒಂದು ಹಾಡೂ ಕೇಳಲಿಲ್ಲ, ಅದು ಬೇರೆ ಮಾತು. ಟಿ-ಸೀರೀಸ್ ಗೆದ್ದಿತು. ಪ್ಯೂಡಿಪೈ ಕೂಡ 2019ರ ಆಗಸ್ಟಿನಲ್ಲಿ 10 ಕೋಟಿ ದಾಟಿದ. ಒಬ್ಬನೇ ನಡೆಸುವ ಚಾನೆಲ್ ಅಷ್ಟು ದೂರ ಹೋಗಿದ್ದು ಅದೇ ಮೊದಲು.

ಹುಡುಗನ ಮಾತು ನನಗೆ ನಾಟಿದ್ದಕ್ಕೆ ಕಾರಣ ಅಡುಗೆಮನೆಯಲ್ಲಿತ್ತು. ಅದೇ ಹೊತ್ತಿಗೆ ಅಕ್ಕ ಅಲ್ಲಿ ನಿಜವಾದ ವಿಡಿಯೋ ಮಾಡುತ್ತಿದ್ದಳು.

ಯೂಟ್ಯೂಬಿನಲ್ಲಿ ಅಕ್ಕನದೊಂದು ಅಡುಗೆ ಚಾನೆಲ್ ಇದೆ. ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಇಡುತ್ತಾಳೆ. ಸದ್ದು ಬರುತ್ತೆ ಅಂತ ಫ್ಯಾನ್ ಆಫ್. ನಲ್ಲಿ ಬಂದ್. ಮನೆಯವರೆಲ್ಲ ಪಿಸುಮಾತು. ಸೆಖೆಗೆ ಬೆವರು ಇಳೀತಾ ಇದ್ದರೂ ಮುಖದಲ್ಲಿ ನಗು. ಇನ್ನು ಆ ದನಿ! ನಮ್ಮ ಅಕ್ಕ ಬೆಳಗಿಂದ ರಾತ್ರಿವರೆಗೆ "ಏನ್ಲೇ, ಬಾರ್ಲೇ" ಅನ್ನೋಳು. ಕ್ಯಾಮೆರಾ ಆನ್ ಆದ ತಕ್ಷಣ "ಎಲ್ಲರಿಗೂ ನಮಸ್ಕಾರ ಸ್ನೇಹಿತರೇ, ಇವಾಗ ನಾನಿಲ್ಲಿ ಒಂದು ಬಾಣಲೆ ಇಟ್ಕೊಂಡಿದ್ದೀನಿ" ಅಂತ ಯಾರೋ ಬೇರೆಯವಳಾಗಿಬಿಡುತ್ತಾಳೆ. ನನಗೆ ಆ 'ಏನ್ಲೇ' ಅಕ್ಕನೇ ಇಷ್ಟ. ಅವಳು ಹಾಗೇ ಮಾತಾಡಿದರೆ ಚಾನೆಲ್ ಎಲ್ಲೋ ಹೋಗ್ತಿತ್ತು ಅಂತ ನನ್ನ ಲೆಕ್ಕ. ಯಾರೂ ಕೇಳಿಲ್ಲ, ಬಿಡಿ.

ಅವತ್ತು ಬದನೆಕಾಯಿ ಎಣ್ಣೆಗಾಯಿ. ಹುರಿದ ಶೇಂಗಾ, ಒಣಕೊಬ್ಬರಿ, ಗುರೆಳ್ಳು ಕುಟ್ಟಿ ಮಸಾಲೆ ತುಂಬುತ್ತಿದ್ದಳು. ಬದನೆಕಾಯಿ ತೊಟ್ಟು ಬಿಡದಂತೆ ನಾಲ್ಕು ಸೀಳು ಹಾಕಿ ತೋರಿಸುವಾಗ ಪಕ್ಕದ ಮನೆ ಕುಕ್ಕರ್ ಕೂಗಿತು. ಮತ್ತೆ ಮೊದಲಿಂದ. ಸೀಳೋಕೆ ಇನ್ನೊಂದು ಬದನೆಕಾಯಿ. ಎಣ್ಣೆಗಾಯಿ ನಮಗೆ ಸಿಕ್ಕಿದ್ದು ಮೂರು ಗಂಟೆಗೆ.

ಅಷ್ಟು ಮಾಡಿ ಹಾಕಿದ ವಿಡಿಯೋಕ್ಕೆ ಮರುದಿನ 61 ವ್ಯೂಸ್. ಈ 61 ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮವರೇ. ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿಗೆ ಲಿಂಕ್ ಬೀಳುತ್ತೆ, ಕೆಳಗೆ "ಎಲ್ಲರೂ ಪೂರ್ತಿ ನೋಡಿ, ಸ್ಕಿಪ್ ಮಾಡಬೇಡಿ" ಅಂತ ಅಕ್ಕನ ಆಜ್ಞೆ. ತಕ್ಷಣ ಹೆಬ್ಬೆರಳುಗಳ ಸಾಲು. ಸೋಮವಾರ ಭಾವನ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ತಕ್ಕಡಿ ಪಕ್ಕದಲ್ಲಿ ಫೋನ್ ಚಾರ್ಜಿಗಿತ್ತು. ಅದರಲ್ಲಿ ಅಕ್ಕ ಎಣ್ಣೆಗಾಯಿ ಮಾಡುತ್ತಿದ್ದಳು. ಬಾಯಿ ಆಡುತ್ತಿದೆ, ಸೌಂಡ್ ಇಲ್ಲ. ಭಾವ ಈ ಕಡೆ ಬೆನ್ನು ಹಾಕಿ ಯಾರಿಗೋ ಎರಡಿಂಚಿನ ಮೊಳೆ ತೂಗುತ್ತಿದ್ದರು.

"ಭಾವ, ನೋಡ್ತಿಲ್ವಲ್ಲ?"

"ಅದು ಓಡ್ಲಿ ಬಿಡು. ಪೂರ್ತಿ ಓಡಿದ್ರೆ ಅವಳಿಗೆ ಅವರ್ಸ್ ಬರ್ತಾವೆ."

ನೋಡೋರು ಯಾರು? ಯಾರೂ ಇಲ್ಲ. ಬರ್ತಾವೆ ಅಷ್ಟೆ.

ಭಾವನನ್ನು ಬೈಯೋ ಹಾಗೂ ಇಲ್ಲ. ಪ್ರತಿ ಮಾತಿಗೂ ರೇಟು ಕಟ್ಟುವ ಮನುಷ್ಯ, ಆದರೂ ಹೆಂಡತಿ ವಿಡಿಯೋ ಒಂದನ್ನೂ ತಪ್ಪಿಸಿಲ್ಲ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಹಾಕೋದು ಇದೆಯಲ್ಲ, ಅದೇ ಥರ ಇದು. ಕವರ್ ಕೊಟ್ಟು, ಫೋಟೋಕ್ಕೆ ನಿಂತು, ಊಟಕ್ಕೆ ಹೋಗೋದು. ಹುಡುಗ ಏನು ಓದಿದ್ದಾನೆ ಅಂತಾನೂ ಕೆಲವರು ಕೇಳಲ್ಲ. ಪ್ರೀತಿ ಇಲ್ಲ ಅಂತಲ್ಲ. ಹೆಸರು ಬರೆಸಿದರೆ ಆಯಿತು.

ಆದರೆ ಭಾವ ಹೇಳುವ 'ಅವರ್ಸ್' ಲೆಕ್ಕ ಇದರಲ್ಲಿ ತೀರೋದಲ್ಲ. ಜಾಹೀರಾತಿನ ದುಡ್ಡಲ್ಲಿ ಪಾಲು ಬೇಕು ಅಂದರೆ 1,000 ಸಬ್‌ಸ್ಕ್ರೈಬರ್ಸ್ ಇರಬೇಕು. ಜೊತೆಗೆ ಒಂದು ವರ್ಷದೊಳಗೆ ಜನ ಅವಳ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಶಾರ್ಟ್ಸ್ ದಾರಿ ಹಿಡಿದರೆ ಗಂಟೆ ಬೇಡ, 90 ದಿನದಲ್ಲಿ 1 ಕೋಟಿ ವ್ಯೂಸ್ ಬೇಕು. ಅಂಗಡಿಯ ಬಿಲ್ ಬುಕ್ಕಿನ ಹಿಂದೆಯೇ ಲೆಕ್ಕ ಹಾಕಿದೆ. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬೊಬ್ಬರು ಎರಡು ನಿಮಿಷ ನೋಡಿದರೂ 1,20,000 ಸಲ ಯಾರಾದರೂ ಬಂದು ನೋಡಬೇಕು. ನಮ್ಮ ಬಳಗ ಪೂರ್ತಿ ಸೇರಿ ಫೋನ್ ಬೋರಲು ಹಾಕಿ ಓಡಿಸಿದರೂ ಆಗದ ಕೆಲಸ. ಭಾವ ಬಿಲ್ ಬುಕ್ ಕಸಿದುಕೊಂಡು, "ಇದನ್ನ ಅವಳಿಗೆ ತೋರಿಸ್ಬೇಡ" ಅಂದರು. ನನಗೆ ಭಾವ ಆವತ್ತು ಸ್ವಲ್ಪ ಜಾಸ್ತಿ ಇಷ್ಟವಾದರು.

ಅಕ್ಕನಿಗೆ ಇದೆಲ್ಲ ಗೊತ್ತಿಲ್ಲ ಅಂತೇನಲ್ಲ. ಅವಳು ರಿಂಗ್ ಲೈಟ್ ತಗೊಂಡಳು, ಕಾಲರ್ ಮೈಕ್ ತಗೊಂಡಳು. ಈಗ ಮಗ ಹೇಳುತ್ತಾನೆ, "ಅಮ್ಮ, ಕಿಚನ್ ಚೇಂಜ್ ಮಾಡು, ವ್ಯೂಸ್ ಜಾಸ್ತಿ ಆಗ್ತಾವೆ." ಆಟದಲ್ಲಿ ಅದೇ ನ್ಯಾಯ. ಸಾಮಾನು ತಂದೆಯಾ, ಮೇಲೆ ಹೋದೆ. ಅಲ್ಲಿ ಯಾವ ವಿಡಿಯೋನೂ ಬಿದ್ದು ಹೋಗಲ್ಲ. ಟ್ರೆಂಡ್ ಇಲ್ಲದ ವಿಷಯ ಆರಿಸಿದರೆ ಸ್ವಲ್ಪ ಕಮ್ಮಿ ಬರಬಹುದು, ಬರೋದಂತೂ ಗ್ಯಾರಂಟಿ. ಕಾಯುವ ತಾಳ್ಮೆ ಇದ್ದರೆ ಎಂಥವನೂ ಸ್ಟಾರ್. ಮಗು ಆಡುವ ಆಟ, ಸುಮ್ನೆ ಸೋಲಿಸೋದು ಯಾಕೆ ಅಂದುಕೊಂಡರೋ ಏನೋ. ನನಗೆ ಆ ಆಟದ ಮೇಲೆ ಸಿಟ್ಟಿಲ್ಲ. ವಿಡಿಯೋ ಇಲ್ಲ ಅನ್ನೋದನ್ನ ಅದು ಮುಚ್ಚಿಟ್ಟಿಲ್ಲವಲ್ಲ.

ಹುಡುಗನ ಕ್ಲಾಸಲ್ಲಿ ಎಲ್ಲರಿಗೂ ದೇಶ ಸುತ್ತಿ ವಿಡಿಯೋ ಮಾಡುವ ಕನ್ನಡದ ಯೂಟ್ಯೂಬರ್ ಡಾ. ಬ್ರೋ ಆಗಬೇಕಂತೆ. "ನಮಸ್ಕಾರ ದೇವ್ರು" ಅಂತ ಶುರು ಮಾಡೋಕೆ ಎಲ್ಲರಿಗೂ ಬರುತ್ತೆ. ಡಾ. ಬ್ರೋ ಅಷ್ಟು ದೇಶ ಸುತ್ತಿದ, ಭಾಷೆ ಬರದ ಊರಲ್ಲಿ ಸಿಕ್ಕ ಸಿಕ್ಕವರನ್ನು ಮಾತಾಡಿಸಿದ, ಆ ಭಾಗ ಯಾರ ಕಣ್ಣಿಗೂ ಬಿದ್ದ ಹಾಗಿಲ್ಲ. ಇವನನ್ನು ಕೇಳಿದೆ, "ನೀನು ಚಾನೆಲ್ ಮಾಡಿದ್ರೆ ಏನು ತೋರಿಸ್ತೀಯ?" ಸ್ವಲ್ಪ ಹೊತ್ತು ಯೋಚಿಸಿದ. "ರೂಮು" ಅಂದ.

ಬುಧವಾರ ಅಕ್ಕನ ಫೋನು. ದನಿಯಲ್ಲಿ ಮದುವೆ ಮನೆ ಸಡಗರ. ನಮ್ಮ ಬಳಗದವರಲ್ಲದ ಯಾರೋ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಅಕ್ಕ, ಬೆಳ್ಳುಳ್ಳಿ ಸಿಪ್ಪೆ ಸಮೇತ ಹಾಕಬೇಕಾ?" ಇಷ್ಟೇ. ಅಂದರೆ ಮಸಾಲೆ ಕುಟ್ಟುವ ಜಾಗದವರೆಗೂ ಯಾರೋ ನೋಡಿದ್ದಾರೆ, ಸೌಂಡ್ ಇಟ್ಟುಕೊಂಡು ನೋಡಿದ್ದಾರೆ, ಬಹುಶಃ ಒಲೆ ಮುಂದೆ ನಿಂತೇ ನೋಡಿದ್ದಾರೆ. ಅಕ್ಕ ಅಲ್ಲೇ ಉತ್ತರ ಬರೆದು ಸುಮ್ಮನಾಗಬಹುದಿತ್ತು. ಇಲ್ಲ, ಅದಕ್ಕೇ ಒಂದು ವಿಡಿಯೋ ಮಾಡುತ್ತಾಳಂತೆ. ಭಾವ ಹಿಂದಿನಿಂದ, "ಒಂದು ಪ್ರಶ್ನೆಗೆ ಒಂದು ವಿಡಿಯೋನಾ?" ಅಂದದ್ದು ಕೇಳಿಸಿತು.

"ಹೂಂ ಮತ್ತೆ. ಕೇಳಿದಾರಲ್ಲ ಪಾಪ."

ಮಗನೂ ತನ್ನ ಸಲಹೆ ಕೊಟ್ಟ. ಟೈಟಲ್ಲಿಗೆ 'ಶಾಕಿಂಗ್' ಅಂತ ಸೇರಿಸಬೇಕಂತೆ, ಟ್ರೆಂಡಿಂಗ್ ಆಗುತ್ತಂತೆ.

"ಏನ್ಲೇ, ಬೆಳ್ಳುಳ್ಳಿಗ್ಯಾಕೋ ಶಾಕು?" ಅಂದಳು ಅಕ್ಕ. ಕ್ಯಾಮೆರಾ ಆಫ್ ಇತ್ತು, ಛೆ.