ತ್ರಿಕೋನದ ನಡುವೆ ಬಿದ್ದ ಬಿರುಕು
ದಾವಣಗೆರೆಲಿ ಗೋಡೆ ಶಿಲ್ಪ ಮಾಡೋದು ನನ್ನ ಕೆಲಸ. ಪ್ಲೈವುಡ್ಡು, ಸಿಮೆಂಟು, ಕಬ್ಬಿಣದ ಪಟ್ಟಿ ಎಲ್ಲ ಸೇರಿಸಿ ಗೋಡೆಯಿಂದ ಎದ್ದು ಬರೋ ಹಂಗೆ ಕಟ್ಟಿ, ಮೇಲೆ ತ್ರಿಕೋನ, ಚೌಕ, ಓರೆ ಪಟ್ಟಿ ಅಂತ ಬಣ್ಣ ತುಂಬೋದು. ಪೇಂಟಿಂಗ್ ಕಲಿತು ಈ ಕಡೆ ಬಂದೋನು ನಾನು, ಕಟ್ಟೋ ಕೆಲಸ ಮಾಡ್ತಾ ಮಾಡ್ತಾನೇ ಕಲಿತಿದ್ದು.

ಒಂದು ಆಫೀಸಿನ ಗೋಡೆಗೆ 8 ಅಡಿ ಎತ್ತರ 12 ಅಡಿ ಅಗಲದ್ದು ಒಪ್ಕೊಂಡಿದ್ದೆ. ಅರ್ಧ ಪ್ಲೈ, ಇನ್ನರ್ಧ ಮೆಶ್ ಹೊಡೆದು ಗಾರೆ. ಎರಡೂ ಸೇರೋ ಕಡೆ ಪುಟ್ಟಿ ಎಳೆದು ಒಂದೇ ಮೈ ಅನ್ನೋ ಹಂಗೆ ಉಜ್ಜಿ, ಆ ಜಾಗದ ಮೇಲೇ ದೊಡ್ಡ ನೀಲಿ ತ್ರಿಕೋನ ಬರೆದೆ. ಏಪ್ರಿಲ್ ಬಿಸಿಲು ಬೇರೆ. ಮೂರೇ ವಾರಕ್ಕೆ ತ್ರಿಕೋನದ ನಡುವೆ ಮೇಲಿಂದ ಕೆಳಗೆ ನೆಟ್ಟಗೆ ಬಿರುಕು, ಗಾರೆ ಕಡೆ ಬಿಳಿ ಉಪ್ಪು ಎದ್ದು ಬಣ್ಣ ಸಿಪ್ಪೆ ಥರ ಬರ್ತಾ ಇತ್ತು. ಮತ್ತೆ ಪುಟ್ಟಿ ತುಂಬಿದೆ, ಮತ್ತೆ ಬಿಡ್ತು. ಆ ರಾತ್ರಿ ನಿದ್ದೆ ಬರ್ಲಿಲ್ಲ.

ಪಕ್ಕದ ಬಿಲ್ಡಿಂಗಲ್ಲಿ ಕೆಲಸ ಮಾಡ್ತಿದ್ದ ಹಿರಿ ಮೇಸ್ತ್ರಿನ ಕರ್ಕೊಂಡು ಬಂದು ತೋರಿಸಿದೆ. ಬೆರಳಲ್ಲಿ ಬಿರುಕು ಸವರಿ ಹೇಳಿದ್ರು, "ಹಸಿ ಗಾರಿ ನೀರು ಕುಡಿದು ಪ್ಲೈ ಉಬ್ಬತತಿ, ಒಣಗಿದ ಮ್ಯಾಲೆ ಇಳಿತತಿ. ಗಾರಿನೂ ಒಣಗ್ತಾ ಕುಗ್ಗತತಿ. ಎರಡನ್ನೂ ಪುಟ್ಟಿ ಹಚ್ಚಿ ಹಿಡಿದಿಡ್ತೀನಿ ಅಂದ್ರ ಹೆಂಗ ತಮ್ಮಾ? ಬಾಗ್ಲು ಚೌಕಟ್ಟಿಗೆ ಗಾರಿ ಸೇರೋ ಕಡೆ ನಾವು ಗ್ರೂವ್ ಹೊಡಿಯಲ್ಲೇನು?"

ಗ್ರೂವ್ ಅಂದ್ರೆ ಎರಡೂ ಸೇರೋ ಕಡೆ ಬೇಕಂತಲೇ ಬಿಡೋ ಸಣ್ಣ ಸಂದು. ಹುಟ್ಟಿದಾಗಿಂದ ನೋಡಿರೋ ಗೆರೆ ಅದು, ಎಷ್ಟೋ ಮನೆ ಬಾಗಿಲ ಸುತ್ತ ಇರುತ್ತೆ, ಯಾಕಿದೆ ಅಂತ ಕೇಳೇ ಇರ್ಲಿಲ್ಲ.

ಅಲ್ಲಿಂದ ನಾನು ಡ್ರಾಯಿಂಗ್ ಮಾಡೋ ರೀತಿನೇ ತಿರುಗಿಬಿಡ್ತು. ಮೊದಲು ಚಿತ್ರ ಬರೆದು ಆಮೇಲೆ ಯಾವ ಸಾಮಾನು ಎಲ್ಲಿ ಅಂತ ಯೋಚಿಸ್ತಿದ್ದೆ, ಈಗ ಸಂದು ಎಲ್ಲೆಲ್ಲಿ ಬರುತ್ತೆ ಅಂತ ಮೊದಲು ಹಾಳೆ ಮೇಲೆ ಹಾಕ್ಕೊಂಡು, ಆ ಸಂದುಗಳನ್ನೇ ಗೆರೆ ಮಾಡ್ಕೊಂಡು ಆಕಾರ ಕೂರಿಸ್ತೀನಿ. ಅಮೆರಿಕದ ಕಲಾವಿದ ಫ್ರ್ಯಾಂಕ್ ಸ್ಟೆಲ್ಲಾ 1970ರ ದಶಕದ ಶುರುವಲ್ಲಿ ಪೋಲೆಂಡಿನ ಮರದ ಸಿನಗಾಗ್‌ಗಳನ್ನ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರಗಳನ್ನ, ಮನಸಲ್ಲಿಟ್ಕೊಂಡು ಮಾಡಿದ ಉಬ್ಬು ಕೆಲಸಗಳ ಫೋಟೋ ಎಷ್ಟು ಸಲ ನೋಡಿದ್ದೆ, ಹಲಗೆಯ ಅಂಚೇ ಆಕಾರದ ಗಡಿ ಆಗಿ ನಿಂತಿರೋದು ಕಣ್ಣಿಗೆ ಬಿದ್ದಿದ್ದು ಇದಾದ ಮೇಲೆ.

ಕಾಯೋದನ್ನೂ ಕಲಿತೆ. ಹಸಿ ಸಿಮೆಂಟಲ್ಲಿ ಕ್ಷಾರ ಜಾಸ್ತಿ, ಅದು ಬಣ್ಣನ ತಿಂದುಬಿಡುತ್ತೆ. ಏಳು ದಿನ ನೀರು ಹೊಡೆದು, ಒಟ್ಟು 28 ದಿನ ಬಿಟ್ಟು, ಕ್ಷಾರ ತಡೆಯೋ ಪ್ರೈಮರ್ ಹೊಡೆದು ಆಮೇಲೆ ಅಕ್ರಿಲಿಕ್. ಕೊಟೇಶನ್‌ನಲ್ಲೇ ಈ ದಿನ ಬರೀತೀನಿ, ಆಗಲ್ಲ ಅಂದೋರ ಕೆಲಸ ತಗೊಳ್ಳಲ್ಲ. ಟೇಪ್ ಹಚ್ಚಿದ ಮೇಲೆ ಅಂಚಿಗೆ ಕೆಳಗಿನ ಬಣ್ಣನೇ ಒಂದು ಕೈ ಕೊಟ್ಟು ಒಣಗಿಸಿದ್ರೆ ಹೊಸ ಬಣ್ಣ ಒಳಗೆ ನುಗ್ಗಲ್ಲ.

ಆ ಗೋಡೆನ ನನ್ನ ಖರ್ಚಲ್ಲೇ ಕಿತ್ತು ಮತ್ತೆ ಮಾಡಿದೆ. ಬಿರುಕು ಬಿಟ್ಟ ಜಾಗದಲ್ಲೇ ಗ್ರೂವ್ ಬಿಟ್ಟು, ಒಂದು ಕಡೆ ನೀಲಿ, ಇನ್ನೊಂದು ಕಡೆ ಕಾವಿ. ಸಂಜೆ ಕಿಟಕಿ ಬೆಳಕು ಅಡ್ಡ ಬಿದ್ದಾಗ ಆ ಗ್ರೂವ್ ಒಳಗಿನ ನೆರಳು ಎಷ್ಟು ಕಪ್ಪು ಅಂದ್ರೆ ಬ್ರಶ್ಶಲ್ಲಿ ಅಂಥ ಗೆರೆ ನಾನು ಯಾವತ್ತೂ ಎಳೆದಿಲ್ಲ.

ಮೇಸ್ತ್ರಿ ಬಂದು ಸುಮಾರು ಹೊತ್ತು ನಿಂತು ನೋಡಿದ್ರು. "ಚಲೋ ಆಗೇತಿ, ಆದ್ರ ಮ್ಯಾಲೆ ಒಂದು ನೂಲು ಓರೆ ಐತಿ ನೋಡು" ಅಂದ್ರು. ತೂಗುಗುಂಡು ಬಿಟ್ಟು ನೋಡಿದೆ, ಹೌದು, ಒಂದೇ ನೂಲು, ಅಂದ್ರೆ ಇಂಚಲ್ಲಿ ಎಂಟನೇ ಒಂದು ಪಾಲು. ಮುಂದಿನ ಕೆಲಸಕ್ಕೆ ಮೊದಲನೇ ದಿನದಿಂದ ಅವರನ್ನೇ ಕರೆದಿದೀನಿ.