ಒಂದ್ ಕೋಲಿಗೇ ಅರವತ್ತು ಸಾವಿರ ಆದ್ರೆ ಆಡೋದು ಹೆಂಗ್ರೀ?

ಬಳ್ಳಾರಿಯಲ್ಲಿದ್ದುಕೊಂಡು ಗಾಲ್ಫ್ ಆಡುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ರೇಟು ಕೇಳಿದ ಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಒಂದ್ ಕೋಲಿಗೇ ಅರವತ್ತು ಸಾವಿರ ಆದ್ರೆ ನಮ್ಮಂಥೋರು ಆಡೋದು ಹೆಂಗ್ರೀ? ಈ ರೊಕ್ಕಕ್ಕ ಹೆದರೇ ಅಲ್ವಾ ಜನ ಹತ್ರ ಬರಲ್ಲ?" ಆಫೀಸಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಲೋಯರ್ ಬರ್ತಿನ ಕೆಳಗೆ ತೂರಿಸಿಟ್ಟ ಉದ್ದನೆಯ ಚೀಲ ನೋಡಿ, ಒಳಗೇನಿದೆ ಎಂದು ವಿಚಾರಿಸಿದ ಟಿಟಿಇ ಕೂಡ ಕೊನೆಗೆ ಇಲ್ಲಿಗೇ ಬಂದು ನಿಂತರು. ನಿಂತು ಮಾತಾಡುವಷ್ಟು ಹೊತ್ತಿನಲ್ಲಿ ಮುಗಿಯುವ ಉತ್ತರ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರೇಟಿನ ವಿಷಯದಲ್ಲಿ ಕೇಳುವವರ ಮಾತು ಸುಳ್ಳಲ್ಲ. ಟೇಲರ್‌ಮೇಡ್, ಕ್ಯಾಲವೇ, ಪಿಂಗ್ ಥರದ ದೊಡ್ಡ ಕಂಪನಿಗಳ ಡ್ರೈವರ್ ಎಂಬ ಕೋಲು ಹೊಸದಾದರೆ ಅಮೆರಿಕದಲ್ಲೇ 600 ಡಾಲರ್ ಆಸುಪಾಸು. ಇಲ್ಲಿ ಬಂದಿಳಿಯುವ ಹೊತ್ತಿಗೆ ಐವತ್ತರಿಂದ ಅರವತ್ತು ಸಾವಿರ. ಅದು ಮೊದಲ ಏಟು ದೂರ ಹೊಡೆಯುವುದಕ್ಕೆ ಮಾತ್ರ ಬಳಸುವ ಒಂದು ಕ್ಲಬ್ಬು (ಗಾಲ್ಫಿನ ಕೋಲಿಗೆ ಕ್ಲಬ್ಬು ಎನ್ನುತ್ತಾರೆ). ನಿಯಮದ ಪ್ರಕಾರ ಚೀಲದಲ್ಲಿ 14ರ ತನಕ ಇಟ್ಟುಕೊಳ್ಳಬಹುದು. ನಡುವಿನ ದೂರಕ್ಕೆ ಬಳಸುವ ಐರನ್‌ಗಳ ಸೆಟ್ಟು ಲಕ್ಷ ದಾಟುತ್ತದೆ, ಹತ್ತಿರದ ಏಟಿನ ವೆಜ್ಜು ಬೇರೆ, ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಬೇರೆ. ಎಲ್ಲವೂ ಈ ವರ್ಷದ ಮಾಡೆಲ್ಲೇ ಆಗಬೇಕು ಎಂದರೆ ಎರಡೂವರೆ ಮೂರು ಲಕ್ಷ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹೋಗುತ್ತದೆ.

ಆದರೆ ಈ ಬೆಲೆ ಯಾರನ್ನು ಹೆದರಿಸುತ್ತದೆ ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಈಗಾಗಲೇ ಆಡುತ್ತಿರುವವನು ಇದಕ್ಕೆ ಹೆದರಿ ಆಟ ಬಿಡುವುದಿಲ್ಲ, ಕೊಳ್ಳುವುದನ್ನು ಬಿಡುತ್ತಾನೆ ಅಷ್ಟೇ. ಎರಡು ವರ್ಷಕ್ಕೊಮ್ಮೆ ಡ್ರೈವರ್ ಬದಲಿಸುತ್ತಿದ್ದವನು ಆರು ವರ್ಷ ತಳ್ಳುತ್ತಾನೆ, ಇಲ್ಲವೇ ಯಾರೋ ಬೇಸರವಾಗಿ ಮಾರಿದ್ದನ್ನು ಅರ್ಧ ಬೆಲೆಗೆ ಎತ್ತುತ್ತಾನೆ. ಅಮೆರಿಕದ ಲೆಕ್ಕವನ್ನೇ ನೋಡಿ. ಕೋವಿಡ್ ಬಂದಾಗಿನಿಂದ ಅಲ್ಲಿ ಕ್ಲಬ್ಬುಗಳ ಬೆಲೆ ಏರುತ್ತಲೇ ಇದೆ, ಆಡುವವರ ಸಂಖ್ಯೆಯೂ ಜೊತೆಗೇ ಏರಿದೆ. 2019ರಲ್ಲಿ ಮೈದಾನಕ್ಕಿಳಿದು ಆಡಿದವರು 2 ಕೋಟಿ 43 ಲಕ್ಷ, 2023ರಲ್ಲಿ 2 ಕೋಟಿ 66 ಲಕ್ಷ. ಬೆಲೆಯೇ ಬಾಗಿಲು ಹಾಕುವುದಾಗಿದ್ದರೆ ಈ ಲೆಕ್ಕ ಕೆಳಗಿಳಿಯಬೇಕಿತ್ತು.

ಹಳೆಯ ಕ್ಲಬ್ಬಿನಲ್ಲಿ ಕಾಲ ಹಾಕುವುದು ಸಾಧ್ಯವಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಅಂಗಡಿಯವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಚೆಂಡು ತಗುಲಿದಾಗ ಡ್ರೈವರಿನ ತೆಳು ಮುಖ ಒಂಚೂರು ಒಳಕ್ಕೆ ಬಾಗಿ ಸ್ಪ್ರಿಂಗಿನ ಹಾಗೆ ಚೆಂಡನ್ನು ತಳ್ಳುತ್ತದೆ. ಆ ತಳ್ಳುವ ಶಕ್ತಿ ಇಷ್ಟೇ ಇರಬೇಕು ಎಂದು ಗಾಲ್ಫಿನ ನಿಯಮ ರೂಪಿಸುವ ಯುಎಸ್‌ಜಿಎ, ಆರ್ ಅಂಡ್ ಎ ಸಂಸ್ಥೆಗಳು ಮಿತಿ ಹಾಕಿ ಇಪ್ಪತ್ತು ವರ್ಷ ಮೇಲಾಯಿತು. ಡ್ರೈವರಿನ ತಲೆಯ ಗಾತ್ರವೂ 460 ಸಿಸಿ ಮೀರುವಂತಿಲ್ಲ. ಕಂಪನಿಗಳು ಈ ಗೋಡೆಗೆ ಎಂದೋ ಬಂದು ತಾಗಿವೆ. ಅಂದಮೇಲೆ ಮುಖದ ನಟ್ಟನಡುವೆ ಹೊಡೆದ ಏಟಿಗೆ 2014ರ ಡ್ರೈವರಿಗೂ ಈ ವರ್ಷದ್ದಕ್ಕೂ ಹೇಳಿಕೊಳ್ಳುವಂಥ ಅಂತರ ಇಲ್ಲ. ಸುಧಾರಿಸಿರುವುದು ನಡುವೆ ತಾಗದ ಏಟು: ಅಂಚಿಗೆ ಬಡಿದರೂ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ, ಚೆಂಡು ತೀರಾ ಪೊದೆಗೆ ನುಗ್ಗುವುದಿಲ್ಲ. ಆ ಉಪಕಾರ ನಿಜವಾದದ್ದೇ, ಇಲ್ಲವೆನ್ನಲಾರೆ. ನನ್ನಂಥವನ ಏಟುಗಳಲ್ಲಿ ಅಂಚಿಗೆ ಬೀಳುವವೇ ಹೆಚ್ಚು. ಆದರೂ ಅದಕ್ಕೆ ಅರವತ್ತು ಸಾವಿರ ಬಾಳುತ್ತದೆಯೇ ಎಂದರೆ, ಬಾಳುವುದಿಲ್ಲ.

ಬಳ್ಳಾರಿಯವರಿಗೆ ಬೆಲೆಯ ಈ ಮರ್ಮ ವಿವರಿಸಬೇಕಿಲ್ಲ. ಕೌಲ್ ಬಜಾರಿನ ಕಡೆ ಒಂದು ಸುತ್ತು ಹಾಕಿದರೆ ಹೊಲಿಯುವವರು, ಕಾಜಾ ಹಾಕುವವರು, ವಾಷಿಂಗಿಗೆ ಮೂಟೆ ಒಯ್ಯುವವರು ಎಲ್ಲ ಸಿಗುತ್ತಾರೆ. ಜೀನ್ಸ್ ಪ್ಯಾಂಟಿನ ಬೆಲೆಯಲ್ಲಿ ಬಟ್ಟೆಯದೆಷ್ಟು, ಹೊಲಿಗೆಯದೆಷ್ಟು, ಹಿಂದಿನ ಪಟ್ಟಿಯ ಮೇಲಿನ ಹೆಸರಿನದೆಷ್ಟು ಎಂದು ಅವರನ್ನು ಕೇಳಿ. ಗಾಲ್ಫ್ ಕ್ಲಬ್ಬಿನ ತಲೆಗಳೂ ಬಹುಪಾಲು ಚೀನಾ, ವಿಯೆಟ್ನಾಂ ಕಡೆಯ ಫೌಂಡ್ರಿಗಳಲ್ಲಿ ಎರಕವಾಗಿ ಬರುತ್ತವೆ, ಹೆಸರು ಆಮೇಲೆ ಬೀಳುತ್ತದೆ. ಅಮೆರಿಕದ ಕಾಸ್ಟ್‌ಕೋ ಮಳಿಗೆ ತನ್ನ ಕರ್ಕ್‌ಲ್ಯಾಂಡ್ ಹೆಸರಿನಲ್ಲಿ ಏಳು ಐರನ್‌ಗಳ ಸೆಟ್ಟನ್ನು ಸುಮಾರು 500 ಡಾಲರಿಗೆ ಮಾರಿದಾಗ ಜನ ಮುಗಿಬಿದ್ದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಡೆಕಾಥ್ಲಾನ್ ಅಂಗಡಿಯ ಇನೆಸಿಸ್ ಹೆಸರಿನ ಕ್ಲಬ್ಬುಗಳಿವೆ. ಕಲಿಯುವವನಿಗೆ ಬೇಕಾದ ಅರ್ಧ ಸೆಟ್ಟು, ದೊಡ್ಡ ಹೆಸರಿನ ಒಂದು ಡ್ರೈವರಿಗಿಂತ ಎಷ್ಟೋ ಕಡಿಮೆಗೆ ಬರುತ್ತದೆ.

ಐರನ್‌ಗಳಂತೂ ಬೇಗ ಸವೆಯುವ ಸಾಮಾನಲ್ಲ. ಉಕ್ಕಿನ ತಲೆ, ಉಕ್ಕಿನ ಶಾಫ್ಟು (ಕೋಲಿನ ಉದ್ದನೆಯ ಕೊಳವೆ). ಹಾಳಾಗುವುದು ರಬ್ಬರ್ ಗ್ರಿಪ್ಪು, ಅದೂ ನಮ್ಮ ಬಿಸಿಲಿಗೆ ಬೇಗ. ಏಪ್ರಿಲ್‌ನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಒಂದೇ ಬೇಸಿಗೆಗೆ ಬಿರುಸಾಗಿ, ಬೆವರು ಕೈಗೆ ಜಾರತೊಡಗುತ್ತದೆ. ನನ್ನ ಗ್ರಿಪ್ಪುಗಳನ್ನು ಬದಲಿಸುವುದು ನಮ್ಮ ಓಣಿಯ ಬೈಕ್ ಮೆಕ್ಯಾನಿಕ್ಕಿನ ವೈಸಿನಲ್ಲಿ. ಶಾಫ್ಟಿಗೆ ಬಟ್ಟೆ ಸುತ್ತಿ ವೈಸಿಗೆ ಕಚ್ಚಿಸಬೇಕು, ಬಿಗಿ ಜಾಸ್ತಿಯಾದರೆ ಕೊಳವೆ ನಜ್ಜಾಗುತ್ತದೆ. ಹಳೆಯ ಗ್ರಿಪ್ಪನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆಯಂತೆ ತೆಗೆದು, ಕೆಳಗಿನ ಅಂಟು ಕೆರೆದು, ಹೊಸ ಡಬಲ್ ಟೇಪು ಸುತ್ತುವುದು. ಹೊಸ ಗ್ರಿಪ್ಪಿನ ತುದಿಯ ತೂತಿಗೆ ಬೆರಳು ಒತ್ತಿ ಹಿಡಿದು, ಒಳಗೆ ಥಿನ್ನರ್ ಸುರಿದು ಅಲ್ಲಾಡಿಸಿ, ಅದೇ ಥಿನ್ನರನ್ನು ಟೇಪಿನ ಮೇಲೆ ಹರಿಸಿ, ಒಂದೇ ಉಸಿರಿಗೆ ತಳ್ಳಿಬಿಡಬೇಕು. ನಡುವೆ ತಡೆದರೆ ಅಲ್ಲೇ ಕೂತುಬಿಡುತ್ತದೆ. ಮೊದಲ ಸಲ ಇದನ್ನು ನೋಡಿದ ಮೆಕ್ಯಾನಿಕ್ಕು, "ಅಣ್ಣಾ, ಬೆಂಗಳೂರಾಗ ಇದಕ್ಕ ಎಷ್ಟ್ ತಗೋತಾರ?" ಎಂದ. ಹೇಳಿದೆ. "ಹಂಗಾದ್ರ ನಾಳೆಯಿಂದ ನಾನೂ ಬೋರ್ಡ್ ಹಾಕ್ತೀನಿ ಬಿಡು" ಎಂದು ನಕ್ಕ. ಗ್ರಿಪ್ಪಿಗೆ ಕೆಲವು ನೂರು ರೂಪಾಯಿ, ಅವನಿಗೆ ಚಹಾ. ಕ್ಲಬ್ಬು ಮತ್ತೆ ಹೊಸದರ ಥರ.

ಹಾಗಾದರೆ ಬೆಲೆ ಯಾರನ್ನೂ ತಡೆಯುವುದಿಲ್ಲವೇ? ತಡೆಯುತ್ತದೆ, ಇನ್ನೂ ಒಳಗೆ ಬರದವರನ್ನು. ಕೊಪ್ಪಳದಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗ ಟೋಕಿಯೊ ಒಲಿಂಪಿಕ್ಸಿನ ಹೊತ್ತಿಗೆ ಫೋನ್ ಮಾಡಿದ್ದ. 2021ರ ಆಗಸ್ಟ್, ಬೆಂಗಳೂರಿನ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿದ್ದ ಬೆಳಗ್ಗೆ. ಬರ್ಡಿ ಎಂದರೇನು ಬೋಗಿ ಎಂದರೇನು ಗೊತ್ತಿಲ್ಲದವರೆಲ್ಲ ಟಿವಿ ಮುಂದೆ ಕೂತಿದ್ದರು. ಒಂದೇ ಏಟಿನ ಅಂತರದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ ಬಂತು. "ಮಾಮಾ, ನಾನೂ ಕಲೀಬೇಕು" ಎಂದ ಹುಡುಗ ಸಂಜೆ ಹೊತ್ತಿಗೆ ಮೊಬೈಲಿನಲ್ಲಿ ರೇಟು ನೋಡಿ, "ಬ್ಯಾಡ ಬಿಡು ಮಾಮಾ" ಎಂದ. ಅಂಗಡಿಯ ಮೊದಲ ಪುಟದಲ್ಲಿ ಕಾಣುವುದು ಅತಿ ಹೊಸದು, ಅತಿ ದುಬಾರಿ. ಒಳಗಿರುವವನಿಗೆ ಅದು ನಗುವ ವಿಷಯ, ಹೊರಗೆ ನಿಂತವನಿಗೆ ಗೇಟು. ಹೊಸ ಕ್ಲಬ್ಬಿನ ಬೆಲೆ ಮಾಡುವ ಹಾನಿ ಇಷ್ಟು, ಮತ್ತು ಇದು ಸಣ್ಣದಲ್ಲ.

ಆದರೆ ಅದೇ ಅದಿತಿ ಗಾಲ್ಫಿಗೆ ಬಂದದ್ದು ಹೇಗೆ ನೋಡಿ. ಐದು ವರ್ಷದವಳಿದ್ದಾಗ ಮನೆಯವರ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣುತ್ತಿತ್ತು. ಅದೇನು ನೋಡೋಣ ಎಂದು ಒಳಗೆ ಹೋದರು. ಚಿಕ್ಕರಂಗಪ್ಪ ಬಿಡದಿ ಹತ್ತಿರದ ಹಳ್ಳಿಯ ಹುಡುಗ. ಪಕ್ಕದಲ್ಲೇ ಈಗಲ್‌ಟನ್ ಮೈದಾನ ಇತ್ತು, ಅಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಸೇರಿ ವೃತ್ತಿಪರ ಆಟಗಾರನಾಗಿ ಬೆಳೆದರು. ಕೋಲ್ಕತ್ತದ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ರಾಯಲ್ ಕ್ಯಾಲ್ಕಟಾ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಮಗ 2016, 2017 ಎರಡು ವರ್ಷ ಸತತವಾಗಿ ಇಂಡಿಯನ್ ಓಪನ್ ಪಂದ್ಯಾವಳಿ ಗೆದ್ದರು. ದೆಹಲಿಯ ಅಲಿ ಶೇರ್ ಕೂಡ ಕ್ಯಾಡಿಯೇ, 1991ರಲ್ಲಿ ಅದೇ ಓಪನ್ ಗೆದ್ದರು. ಇವರನ್ನು ಆಟಕ್ಕೆ ಎಳೆದದ್ದು ಕೋಲಿನ ಅಂಗಡಿಯಲ್ಲ, ಮೈದಾನ. ಮುಂಬೈನ ಚೆಂಬೂರಿನಲ್ಲಿ ಕ್ಯಾಡಿ ಹುಡುಗರು ಕಬ್ಬಿಣದ ಸರಳನ್ನು ತುದಿಯಲ್ಲಿ ಬಗ್ಗಿಸಿ, ಹಿಡಿಗೆ ರಬ್ಬರ್ ಪೈಪು ಹಾಕಿ, ಪ್ಲಾಸ್ಟಿಕ್ ಚೆಂಡಿನಲ್ಲಿ ಗಲ್ಲಿ ಗಾಲ್ಫ್ ಆಡುತ್ತಾರೆ. ಕೋಲು ಹೇಗಾದರೂ ಹುಟ್ಟುತ್ತದೆ. ಅದರಲ್ಲೂ ತೋರಣಗಲ್ಲಿನ ಉಕ್ಕು ಪಕ್ಕದಲ್ಲೇ ಇರುವ ನಾವು ಕೋಲಿಗೆ ಅಳಬೇಕೇ!

ಸಾಮಾನಿನ ಬೆಲೆ ಆಟವನ್ನು ನಿಜವಾಗಿ ಕಟ್ಟಿಹಾಕಿದ್ದ ಕಾಲವೂ ಇತ್ತು, ಸ್ಕಾಟ್ಲೆಂಡಿನಲ್ಲಿ. ಆಗ ಚೆಂಡು ಮಾಡುತ್ತಿದ್ದುದು ಬೇಯಿಸಿದ ಹೆಬ್ಬಾತಿನ ಗರಿಯನ್ನು ಚರ್ಮದ ಉಂಡೆಯೊಳಗೆ ತುರುಕಿ ಹೊಲಿದು. ಕೈಪಳಗಿದವನೂ ದಿನಕ್ಕೆ ಮಾಡುತ್ತಿದ್ದುದು ಬೆರಳೆಣಿಕೆಯಷ್ಟು. ಮಳೆಗೆ ನೆಂದರೆ ಹೋಯಿತು, ಐರನ್ನು ತಾಗಿ ಹೊಲಿಗೆ ಬಿಟ್ಟರೂ ಹೋಯಿತು. 1848ರ ಸುಮಾರಿಗೆ ಮಲಯಾ ಕಡೆಯ ಮರದ ಹಾಲಿನ ಗಟ್ಟಾಪರ್ಚಾ ಚೆಂಡು ಬಂದು ಬೆಲೆ ಇಳಿಯಿತು, ಸಾಮಾನ್ಯರು ಆಟಕ್ಕೆ ಇಳಿದರು. ಗರಿಚೆಂಡು ಮಾಡಿ ಬದುಕುತ್ತಿದ್ದ ಅಲನ್ ರಾಬರ್ಟ್‌ಸನ್, ಹೊಸ ಚೆಂಡು ಮುಟ್ಟಿದ್ದಕ್ಕೆ ತನ್ನ ಕೈಕೆಳಗಿದ್ದ ಟಾಮ್ ಮಾರಿಸ್ ಮೇಲೆ ಮುನಿಸಿಕೊಂಡು ಇಬ್ಬರೂ ಬೇರೆಯಾದರು. ಅಗ್ಗವಾದೊಡನೆ ಆಟ ಹಬ್ಬಿದ್ದಕ್ಕೆ ಒಂದು ಅನುಕೂಲ ಮೊದಲೇ ಇತ್ತು: ನೆಲ ಊರಿನದಾಗಿತ್ತು. ಸೇಂಟ್ ಆಂಡ್ರೂಸಿನ ಓಲ್ಡ್ ಕೋರ್ಸ್ ಇಂದಿಗೂ ಸಾರ್ವಜನಿಕ ಜಾಗ. ಭಾನುವಾರ ಆಟ ಬಂದ್, ಊರಿನವರು ನಾಯಿ ಹಿಡಿದುಕೊಂಡು ಅಡ್ಡಾಡುತ್ತಾರೆ.

ನಮ್ಮಲ್ಲಿ ಇದು ತಿರುಗುಮುರುಗು. ಕೋಲು ಅಗ್ಗಕ್ಕೆ ಸಿಕ್ಕರೂ ನೆಲ ಸಿಗುವುದಿಲ್ಲ. ಬೆಂಗಳೂರಿನ ಒಳ್ಳೆಯ ಮೈದಾನಗಳಲ್ಲಿ ಮೆಂಬರ್‌ಶಿಪ್ ಲಕ್ಷಗಳಲ್ಲಿ. ಹೊರಗಿನವನು ಹೋಗಿ 18 ಹೋಲ್, ಅಂದರೆ 18 ಕುಳಿಗಳ ಒಂದು ಪೂರ್ತಿ ಆಟ ಆಡಿದರೆ ಫೀಸೇ ಸಾವಿರಗಳಲ್ಲಿ, ಕ್ಯಾಡಿಗೆ ಬೇರೆ. ಸಲಕ್ಕೆ ಮೂರು ಸಾವಿರ, ತಿಂಗಳಿಗೆ ಎರಡು ಸಲ ಎಂದು ಹಿಡಿಯಿರಿ, ವರ್ಷಕ್ಕೆ 72 ಸಾವಿರ. ಬಳ್ಳಾರಿಯಿಂದ ಹೋಗಿಬರುವ ಖರ್ಚು ಇದರಲ್ಲಿ ಸೇರಿಲ್ಲ. ಜನ ಬೆಚ್ಚಿಬೀಳುವ ಆ ಡ್ರೈವರ್ ಹತ್ತು ವರ್ಷ ಬಾಳುತ್ತದೆ, ಈ 72 ಸಾವಿರ ಪ್ರತಿ ವರ್ಷ ಕೊಡಬೇಕು. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ. ದೆಹಲಿಯಲ್ಲಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ಡಿಡಿಎ 2000ದಲ್ಲಿ ಕುತುಬ್ ಗಾಲ್ಫ್ ಕೋರ್ಸ್ ತೆರೆಯಿತು. ದುಡ್ಡು ಕಟ್ಟಿದ ಯಾರು ಬೇಕಾದರೂ ಆಡಬಹುದಾದ, ಸರ್ಕಾರಿ ಸಂಸ್ಥೆ ನಡೆಸುವ ಮೈದಾನ. ಅಂಥದ್ದು ಜಿಲ್ಲೆಗೊಂದು ಇರಲಿ ಎಂದು ನಾನು ಕೇಳುತ್ತಿಲ್ಲ. 18 ಹೋಲಿಗೆ ನೂರು ಎಕರೆ ಮೇಲೆ ಜಾಗ ಬೇಕು, ಹುಲ್ಲಿಗೆ ದಿನಕ್ಕೆ ಲಕ್ಷಾಂತರ ಲೀಟರ್ ನೀರು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಭತ್ತದ ರೈತರ ಮುಖ ನೋಡಿದ ಯಾರೂ ಇಲ್ಲಿ ಆಟದ ಹುಲ್ಲಿಗೆ ನೀರು ಕೇಳಲಾರರು. ಕೇಳಿದರೆ ವಿರೋಧಿಸುವವರಲ್ಲಿ ನಾನೂ ಇರುತ್ತೇನೆ.

ಹುಲ್ಲೇ ಬೇಕು ಎಂದೇನೂ ಇಲ್ಲ. ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬುದು ಓಪಲ್ ಎಂಬ ಹರಳಿನ ಗಣಿಗಳ ಊರು, ಸಂಡೂರಿನವರಿಗೆ ತಮ್ಮದೇ ಅನ್ನಿಸುವಷ್ಟು ಧೂಳು, ನಮಗಿಂತ ಬಿರುಬಿಸಿಲು. ಅಲ್ಲಿಯ ಗಾಲ್ಫ್ ಮೈದಾನದಲ್ಲಿ ಒಂದು ಎಸಳು ಹುಲ್ಲಿಲ್ಲ. ಆಡುವವರು ಅಂಗೈಯಗಲದ ಕೃತಕ ಹುಲ್ಲಿನ ತುಂಡನ್ನು ಜೊತೆಯಲ್ಲೇ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಹೋಲಿನ ಸುತ್ತ ಎಣ್ಣೆ ಬೆರೆಸಿ ಸಮ ಮಾಡಿದ ಮರಳು. ಬಿಸಿಲು ತಾಳಲಾಗದ ದಿನಗಳಲ್ಲಿ ರಾತ್ರಿ, ಹೊಳೆಯುವ ಚೆಂಡಿನಲ್ಲಿ ಆಟ. ಬಳ್ಳಾರಿ, ರಾಯಚೂರು ಕಡೆ ಬರಡು ಜಾಗಕ್ಕೆ ಬರವೇ? ಆರು ಹೋಲಿನ ಮಣ್ಣಿನ ಮೈದಾನ ಸಾಕು, ಒಂದು ನೆರಳಿನ ಚಪ್ಪರ, ಬಾಡಿಗೆಗೆ ಹತ್ತಿಪ್ಪತ್ತು ಹಳೆಯ ಐರನ್‌ಗಳು. ಡ್ರೈವರಿನ ಬೆಲೆ ಅರ್ಧಕ್ಕೆ ಇಳಿದರೆ ಇಲ್ಲಿ ಹೊಸದಾಗಿ ಆಡುವವರು ಎಷ್ಟು ಜನ ಹುಟ್ಟುತ್ತಾರೋ, ಇಂಥ ಒಂದು ಜಾಗ ಆದರೆ ಅದರ ಹತ್ತರಷ್ಟು ಹುಟ್ಟುತ್ತಾರೆ ಎಂದು ನಾನು ಬಾಜಿ ಕಟ್ಟಬಲ್ಲೆ.

ಅಲ್ಲಿಯ ತನಕ, ಕೊಳ್ಳಲೇಬೇಕು ಎನ್ನುವವರಿಗೆ ನಾನು ಹೇಳುವುದು ಇಷ್ಟೇ. ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಸೆವೆನ್ ಐರನ್ (ಏಳನೇ ನಂಬರಿನ ಐರನ್), ಒಂದು ಪಟರ್ ತಗೊಳ್ಳಿ. ಶಾಫ್ಟಿನ ಮೇಲೆ ಇಂಗ್ಲಿಷಿನ R ಅಕ್ಷರ, ಅಂದರೆ ರೆಗ್ಯುಲರ್ ಎಂದಿದ್ದರೆ ಹೆಚ್ಚಿನವರಿಗೆ ಆಗುತ್ತದೆ. ಗ್ರಾಫೈಟ್ ಶಾಫ್ಟಾದರೆ ತಲೆ ಸೇರುವ ಜಾಗದಲ್ಲಿ ಉಗುರಿನಿಂದ ಸವರಿ ಬಿರುಕು ನೋಡಿ. ಟೈಟೇನಿಯಂ ಡ್ರೈವರ್ ಎಂದು ಯಾರಾದರೂ ಮಾರಲು ಬಂದರೆ ಅಯಸ್ಕಾಂತ ಹಿಡಿದು ನೋಡಿ, ಮುಖಕ್ಕೆ ಅಂಟಿಕೊಂಡರೆ ಅದು ಟೈಟೇನಿಯಂ ಅಲ್ಲ. ದೊಡ್ಡ ಹೆಸರಿನ ಹೊಚ್ಚ ಹೊಸ ಮಾಲು ಕಾಲು ಬೆಲೆಗೆ ಸಿಗುತ್ತದೆ ಎಂದರೆ ನಕಲಿ ಎಂದೇ ತಿಳಿಯಿರಿ. ಉಳಿಸಿದ ದುಡ್ಡಿನಲ್ಲಿ ಬೆಂಗಳೂರಿಗೆ ಹೋದಾಗ ಏಟು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿನಲ್ಲಿ ಬಕೆಟ್ ಚೆಂಡು ಹೊಡೆದು ನೋಡಿ, ಆಟ ನಿಮಗೆ ಹಿಡಿಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ನನ್ನ ಹತ್ತಿರ ಒಂದು ಹಳೆಯ ಸೆವೆನ್ ಐರನ್ ಸುಮ್ಮನೆ ಬಿದ್ದಿದೆ. ಅಕ್ಕನ ಮಗ ಈಗ ಕಬಡ್ಡಿಗೆ ಸೇರಿಕೊಂಡಿದ್ದಾನೆ, ಅವನಿಗೆ ಬೇಡವಂತೆ. ಬೇಕಾದವರು ಕೇಳಿ, ಎಡಗೈಯವರಿಗೆ ಮಾತ್ರ ಆಗುವುದಿಲ್ಲ.